ಮನೆಯ ಮೆಷಿನ್‌ನಲ್ಲಿ ಊರಿನ ಬಟ್ಟೆ

ತಮ್ಮ ರಿಯಾದ್ ಬಿಟ್ಟು ಖಾಯಂ ಆಗಿ ಊರಿಗೆ ಬಂದಾಗ ಅವನ ಕೈಯಲ್ಲಿ 11 ವರ್ಷದ ಲೆಕ್ಕ ಚುಕ್ತಾ ಆದ ಹಣ ಇತ್ತು, ತಲೆಯಲ್ಲಿ ಒಂದು ಮೆಷಿನ್ ಇತ್ತು. ಅಲ್ಲಿ ಅವನಿಗೆ ‘ಮಗ್ಸಲ’ದಲ್ಲಿ ಕೆಲಸ. ಮಗ್ಸಲ ಎಂದರೆ ನಮ್ಮ ಲಾಂಡ್ರಿಯೇ. ತೋಬುಗಳನ್ನು ತೊಳೆದು, ಗಂಜಿ ಹಾಕಿ, ಕಾಗದದ ಹಾಗೆ ಇಸ್ತ್ರಿ ಮಾಡುವ ಕೆಲಸ. “ಅಲ್ಲಿಯ ಮೆಷಿನ್ ಅಂದ್ರೆ ಮೆಷಿನ್. ಒಂದು ಸಲಕ್ಕೆ 25 ಕೆ.ಜಿ. ನುಂಗ್ತದೆ, ಅರ್ಧ ಗಂಟೆಯಲ್ಲಿ ಕಕ್ಕುತ್ತದೆ. ನಾವೂ ಅದನ್ನೇ ಹಾಕುವ” ಎಂದ. ಉಮ್ಮ ಕೇಳಿದರು: “ಮೋನೇ, ಅದಕ್ಕೆ ನುಂಗ್ಲಿಕ್ಕೆ ಅಷ್ಟು ಬಟ್ಟೆ ಎಲ್ಲುಂಟು?”

ಈ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಎರಡು ಮಳೆಗಾಲ ಬೇಕಾಯಿತು. ಗಲ್ಫ್‌ನಿಂದ ವಾಪಸು ಬಂದವರು ಈಗ ಎಷ್ಟೋ ಮನೆಗಳಲ್ಲಿದ್ದಾರೆ. ಅಂಗಡಿ ಇಡುವುದೋ, ರಿಕ್ಷಾ ತೆಗೆಯುವುದೋ, ಲಾಂಡ್ರಿ ಹಾಕುವುದೋ ಎಂದು ಲೆಕ್ಕ ಹಾಕುತ್ತಿದ್ದಾರೆ. ನಮ್ಮಲ್ಲಿ ಬಂದು “ಮನೆಗೆ ತಗೊಳ್ಳುವ ಮೆಷಿನ್ ಸಾಕಾ, ದೊಡ್ಡದೇ ಬೇಕಾ?” ಎಂದು ಕೇಳಿದವರೂ ನಾಲ್ಕೈದು ಮಂದಿ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಹೇಳೋಣ ಎಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮದು ದೇರಳಕಟ್ಟೆಯಿಂದ ಸ್ವಲ್ಪ ಒಳಗೆ. ಸುತ್ತ ಮೆಡಿಕಲ್ ಕಾಲೇಜು, ಹಾಸ್ಟೆಲ್, ಪಿ.ಜಿ.ಗಳು. ಮಕ್ಕಳು ದೂರದಿಂದ ಬಂದವರು. ಬಟ್ಟೆ ಒಗೆಯಲು ಪುರುಸೊತ್ತಿಲ್ಲ, ಒಣಗಿಸಲು ಜಾಗವಿಲ್ಲ. ಗಿರಾಕಿ ಉಂಟು ಎನ್ನುವುದು ಗ್ಯಾರಂಟಿ. ಆದರೆ ಕೋಟೇಶನ್ ಕೈಗೆ ಬಂದಾಗ ತಮ್ಮನ ಮುಖ ಸಣ್ಣದಾಯಿತು. ತೊಳೆಯುವುದೊಂದು, ಒಣಗಿಸುವುದೊಂದು ಸೇರಿ ಅವನ ಹಣವನ್ನೆಲ್ಲ ಹಾಕಿದರೂ ಸಾಲದು. ಉಳಿದದ್ದಕ್ಕೆ ಅವನ ಹೆಂಡತಿಯ ಚಿನ್ನ ಇಡಬೇಕು. ಅವಳು ಇಲ್ಲ ಎನ್ನಲಿಲ್ಲ. ಹೂಂ ಎಂದೂ ಹೇಳಲಿಲ್ಲ. ಕೊನೆಗೆ ಮನೆಯ ಪಕ್ಕದ ಕೋಣೆಯಲ್ಲಿ ಮನೆಬಳಕೆಯ ಎರಡು ಫ್ರಂಟ್ ಲೋಡ್ ಮೆಷಿನ್ ಇಟ್ಟು ಶುರು ಮಾಡಿದೆವು. ತಲಾ 8 ಕೆ.ಜಿ.ಯದ್ದು.

ಕೆ.ಜಿ.ಯ ಮೋಸ

ಮೋಸ ಎನ್ನುವುದು ಸ್ವಲ್ಪ ಹೆಚ್ಚಾಯಿತು, ಆದರೆ ಗೊತ್ತಿರಬೇಕಾದ ವಿಷಯ. ಮನೆಬಳಕೆಯ 8 ಕೆ.ಜಿ. ಮೆಷಿನ್‌ನ ಡ್ರಮ್ ಸುಮಾರು 60 ಲೀಟರಿನದ್ದು. ವ್ಯಾಪಾರದ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕೆ.ಜಿ. ಬಟ್ಟೆಗೆ 10 ಲೀಟರ್ ಜಾಗ ಎಂಬ ಲೆಕ್ಕ ಇಡುತ್ತಾರೆ. ಅಂದರೆ 15 ಕೆ.ಜಿ.ಯದ್ದಕ್ಕೆ ಸುಮಾರು 150 ಲೀಟರ್. ಆ ಅಳತೆಗೋಲಿನಲ್ಲಿ ನೋಡಿದರೆ ನಮ್ಮ 8 ಕೆ.ಜಿ. ಮೆಷಿನ್ ನಿಜವಾಗಿ 6 ಕೆ.ಜಿ.ಯದ್ದು. ಬಟ್ಟೆ ಎತ್ತಿ ಬೀಳಲು ಜಾಗ ಇಲ್ಲದಿದ್ದರೆ ಕೊಳೆ ಹೋಗುವುದಿಲ್ಲ. ಸಾಬೂನು ಕೂಡ ಮಡಿಕೆಯಲ್ಲೇ ಉಳಿಯುತ್ತದೆ. ಮೊದಲ ತಿಂಗಳು ತಮ್ಮ ಬಾಗಿಲು ಒತ್ತಿ ಒತ್ತಿ ತುಂಬಿಸಿದ, ಬಂದದ್ದು ದೂರು ಮಾತ್ರ. ಆಮೇಲೆ ಐದೂವರೆ ಕೆ.ಜಿ.ಗೆ ನಿಲ್ಲಿಸಿದೆವು.

ಗಲ್ಫ್ ಬ್ಲಾಂಕೆಟಿನ ಕತೆ ಬೇರೆಯೇ. ನಮ್ಮವರ ಮನೆಗಳಲ್ಲಿ ಕಪಾಟಿನ ಮೇಲೆ ಒಂದೆರಡು ಇಲ್ಲದೆ ಇರುವುದಿಲ್ಲ. ಒಣಗಿದ್ದಾಗಲೇ ನಾಲ್ಕೈದು ಕೆ.ಜಿ. ತೂಗುತ್ತವೆ, ನೀರು ಕುಡಿದರೆ ಇಬ್ಬರು ಹಿಡಿಯಬೇಕು. ಮನೆಯ ಮೆಷಿನ್‌ಗೆ ಹಾಕಿದರೆ ಒಂದೇ ಬದಿಗೆ ಮುದ್ದೆಯಾಗಿ ಕೂತು, ಸ್ಪಿನ್ ಆಗುವಾಗ ಮೆಷಿನ್ ಕೋಣೆಯಿಡೀ ನಡೆಯುತ್ತದೆ. ಎರಡು ಸಲ ಹಾಗಾದ ಮೇಲೆ ಬ್ಲಾಂಕೆಟ್ ತೆಗೆದುಕೊಳ್ಳುವುದನ್ನೇ ಬಿಟ್ಟೆವು. ಒಳ್ಳೆಯ ರೇಟು ಸಿಗುವ ಕೆಲಸ ಅದು. ಬಿಡುವಾಗ ಬೇಸರವಾಯಿತು.

ಶುರುವಿನಲ್ಲಿ ನಮಗೆ 20 ಮಂದಿ ಮಕ್ಕಳ ಬಟ್ಟೆ. ಒಬ್ಬರಿಗೆ ವಾರಕ್ಕೆ 4 ಕೆ.ಜಿ. ಎಂದಿಟ್ಟರೆ 80 ಕೆ.ಜಿ. ಐದೂವರೆಯ ಹಾಗೆ 15 ಸಲ ಮೆಷಿನ್ ತಿರುಗಿದರೆ ಮುಗಿಯಿತು. ಇಷ್ಟಕ್ಕೆ ದೊಡ್ಡ ಮೆಷಿನ್ ತಂದಿದ್ದರೆ ದಿನಕ್ಕೆ ಒಂದು ಸಲ ತಿರುಗಿ ಮಲಗುತ್ತಿತ್ತು. ಆಗ ಉಮ್ಮನ ಮಾತೇ ಸರಿ ಇತ್ತು.

ಆದರೆ ವರ್ಷ ತಿರುಗುವ ಮೊದಲೇ 20 ಇದ್ದವರು 60 ಆದರು. ವಾರಕ್ಕೆ 240 ಕೆ.ಜಿ., ಸುಮಾರು 44 ಸಲ. ವರ್ಷಕ್ಕೆ 2,200ಕ್ಕಿಂತ ಹೆಚ್ಚು. ಒಂದು ಮನೆಯವರು ದಿನಕ್ಕೊಮ್ಮೆ ಮೆಷಿನ್ ಹಾಕಿದರೂ ವರ್ಷಕ್ಕೆ 365 ಸಲ ಮಾತ್ರ. ಎರಡು ಮೆಷಿನ್‌ಗಳಿಗೆ ಹಂಚಿದರೆ ಒಂದೊಂದೂ ಒಂದು ವರ್ಷದಲ್ಲಿ ಮೂರು ವರ್ಷದ ಕೆಲಸ ಮಾಡುತ್ತಿತ್ತು. ನಮಗೆ ಇದು ಹೊಳೆಯಲೇ ಇಲ್ಲ. ಹೊಳೆಸಿದ್ದು ಒಂದು ಶಬ್ದ. ಸ್ಪಿನ್ ಆಗುವಾಗ ಹಿಟ್ಟಿನ ಗಿರಣಿಯ ಹಾಗೆ ಗರಗರ ಎನ್ನಲು ಶುರುವಾಯಿತು. ಬೇರಿಂಗ್.

ಕಂಪೆನಿಯ ಮೆಕ್ಯಾನಿಕ್ ಬಂದ. ಒಳ್ಳೆಯ ಹುಡುಗ. ಮೆಷಿನ್ ನೋಡುವ ಮೊದಲು ಗೋಡೆಯ ಶೆಲ್ಫ್ ನೋಡಿದ. ಅಲ್ಲಿ ಹೆಸರು, ರೂಮ್ ನಂಬರ್ ಬರೆದ ಚೀಟಿ ಕಟ್ಟಿದ 30 ಗಂಟು ಬಟ್ಟೆ. “ಕಾಕ, ಇದು ಮನೆಯದ್ದಲ್ಲ ಅಲ್ವಾ?” ಎಂದು ಕೇಳಿ, ಚೀಟಿಯಲ್ಲಿ ‘ವಾಣಿಜ್ಯ ಬಳಕೆ’ ಎಂದು ಬರೆದ. ವಾರಂಟಿ ಅಲ್ಲಿಗೆ ಮುಗಿಯಿತು. ತಮ್ಮನಿಗೆ ಸಿಟ್ಟು ಬಂತು. ರಾತ್ರಿ ವಾರಂಟಿ ಕಾರ್ಡನ್ನು ಲೈಟಿನಡಿ ಹಿಡಿದು ಓದಿದರೆ ಅದರಲ್ಲಿ ಸ್ಪಷ್ಟವಾಗಿಯೇ ಇತ್ತು: ಮನೆಬಳಕೆಗೆ ಮಾತ್ರ. ಇನ್ನೊಂದು ಸಂಗತಿಯೂ ಆಗ ತಿಳಿಯಿತು. ಈಗಿನ ಹೆಚ್ಚಿನ ಮನೆಯ ಮೆಷಿನ್‌ಗಳಲ್ಲಿ ಹೊರಗಿನ ಪ್ಲಾಸ್ಟಿಕ್ ಟಬ್ಬನ್ನು ಅಂಟಿಸಿಯೇ ಕಳಿಸುತ್ತಾರೆ, ಅದನ್ನು ಬಿಚ್ಚಲಾಗುವುದಿಲ್ಲ. ಹಾಗಾಗಿ ಸಣ್ಣ ಬೇರಿಂಗ್ ಹೋದರೂ ಇಡೀ ಟಬ್ ಬದಲಿಸಬೇಕು. ವ್ಯಾಪಾರದ ಮೆಷಿನ್‌ಗಳಲ್ಲಿ ಬೇರಿಂಗ್ ಬದಲಿಸಲು ಬರುವ ಹಾಗೆಯೇ ಕಟ್ಟಿರುತ್ತಾರೆ. ಬೆಲೆಯ ವ್ಯತ್ಯಾಸದ ಅರ್ಧ ಕಾರಣ ಇಲ್ಲಿದೆ. ಅದು ಶೋರೂಮಿನಲ್ಲಿ ಕಾಣುವುದಿಲ್ಲ.

ಸೊನ್ನೆ ಬಿಲ್ಲಿನ ಆಸೆ

ಇದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ನಾವು ಆ ಎರಡೂ ಮೆಷಿನ್ ಓಡಿಸುತ್ತಿದ್ದದ್ದು ಮನೆಯ ಮೀಟರಿನಲ್ಲಿ. ‘ಮನೆಯೊಳಗೇ ಅಲ್ವಾ ಇರುವುದು’ ಎಂಬ ಸಮಾಧಾನ. ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮಂದಿ ಹೀಗೆ ಯೋಚಿಸುತ್ತಾರೆ. ಆದರೆ ಆ ಯೋಜನೆ ಗೃಹಬಳಕೆಗೆ ಮಾತ್ರ. ವೈರಿಂಗ್ ನೋಡಲು ಬಂದ ಎಲೆಕ್ಟ್ರಿಷಿಯನ್ ಬೈದೇ ಬಿಟ್ಟ: “ಮೆಸ್ಕಾಂನವರು ಬಂದ್ರೆ ನಿಮ್ಮ ಮೆಷಿನ್ ಮಾರಿದ್ರೂ ಕಟ್ಲಿಕ್ಕೆ ಆಗ್ಲಿಕ್ಕಿಲ್ಲ ಮಾರಾಯ್ರೆ.” ಅವನದ್ದು ಉತ್ಪ್ರೇಕ್ಷೆ ಅಲ್ಲ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ, ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಕರೆಂಟ್ ಬಳಸುವುದೂ ಅನಧಿಕೃತ ಬಳಕೆಯೇ. ವಸೂಲಿ ಎರಡು ಪಟ್ಟು ದರದಲ್ಲಿ. ಯಾವಾಗಿನಿಂದ ಹಾಗೆ ಬಳಸುತ್ತಿದ್ದೇವೆ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿನದ್ದು. ಹಣದ ಮಾತು ಹಾಗಿರಲಿ, ಹಕ್ಕಿಲ್ಲದ ಕರೆಂಟಿನಲ್ಲಿ ದುಡಿದದ್ದು ಹಲಾಲೇ ಎಂದು ಉಮ್ಮ ಕೇಳಿದ ಮೇಲೆ ಮನೆಯಲ್ಲಿ ಚರ್ಚೆ ನಡೆಯಲಿಲ್ಲ. ಬೇರೆ ಮೀಟರಿಗೆ ಅರ್ಜಿ ಹಾಕಿದೆವು. ಮೆಷಿನ್ ಸಣ್ಣದಿರಲಿ ದೊಡ್ಡದಿರಲಿ, ಮೊದಲ ಖರ್ಚು ಇದೇ ಆಗಿರಲಿ.

ಹಾಗಾದರೆ ದೊಡ್ಡದೇ ಒಳ್ಳೆಯದಲ್ವಾ?

ತಮ್ಮ ಮತ್ತೆ ಹಳೆಯ ಕೋಟೇಶನ್ ಹೊರತೆಗೆದ. ಈ ಸಲ ನಾವು ಕಾಗದ ಪೆನ್ನು ಹಿಡಿದು ಕೂತೆವು. 35 ಸಾವಿರದ ಮನೆಯ ಮೆಷಿನ್ 2,000 ಸಲ ತಿರುಗಿ ಸಾಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ ಮೆಷಿನ್ ಖರ್ಚು ಹದಿನೇಳೂವರೆ ರೂಪಾಯಿ. ಐದೂವರೆ ಕೆ.ಜಿ.ಗೆ ಭಾಗಿಸಿದರೆ ಕೆ.ಜಿ.ಗೆ ಮೂರು ರೂಪಾಯಿ ಚಿಲ್ಲರೆ. ಮೂರು ಲಕ್ಷದ 15 ಕೆ.ಜಿ. ಮೆಷಿನ್ 15,000 ಸಲ ತಿರುಗುತ್ತದೆ ಎಂದಿಟ್ಟರೆ ಸಲಕ್ಕೆ 20 ರೂಪಾಯಿ. 12 ಕೆ.ಜಿ. ತುಂಬಿಸಿದರೆ ಕೆ.ಜಿ.ಗೆ 1 ರೂಪಾಯಿ 67 ಪೈಸೆ, ಹೆಚ್ಚುಕಡಿಮೆ ಅರ್ಧ. ಈ ಅಂಕಿಗಳು ನಮ್ಮ ಅಂದಾಜು. ನಿಮ್ಮ ಕೋಟೇಶನ್ ಹಾಕಿ ನೀವೇ ಗುಣಿಸಿಕೊಳ್ಳಿ.

ತಮ್ಮನ ಮುಖ ಅರಳಿತು. ಆದರೆ ಅವನ ಹೆಂಡತಿ ಇನ್ನೊಂದು ಲೆಕ್ಕ ತೆಗೆದಳು. ದಿನವೂ ಚೀಟಿ ಕಟ್ಟುವವಳು ಅವಳೇ. “ನಮ್ಮದು ಹೋಟೆಲ್ ಬೆಡ್‌ಶೀಟ್ ಅಲ್ಲ, ಒಬ್ಬೊಬ್ರದ್ದು ನಾಲ್ಕು ನಾಲ್ಕು ಕೆ.ಜಿ. ಒಬ್ರ ಬಟ್ಟೆ ಇನ್ನೊಬ್ರದ್ದರ ಒಟ್ಟಿಗೆ ಹಾಕ್ಲಿಕ್ಕೆ ಆಗ್ತದಾ?” ಆಗುವುದಿಲ್ಲ. ಮಕ್ಕಳ ತಾಯಂದಿರು ಫೋನಿನಲ್ಲಿ ಮೊದಲು ಕೇಳುವುದೇ ಅದನ್ನು. ನಮಾಝಿನ ಬಟ್ಟೆ ಬೇರೆಯಾಗಿ ಹಾಕಿ ಎನ್ನುವವರಿದ್ದಾರೆ. ಚಿಕ್ಕ ಮಕ್ಕಳ ಬಟ್ಟೆ ಬೇರೆ. ನಜಸ್ ತಾಗಿದ್ದು ಇದ್ದರೆ ನಾವು ಮೊದಲು ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆದೇ ಮೆಷಿನ್‌ಗೆ ಹಾಕುವುದು. ಇಂಥ ಗಿರಾಕಿಗಳಿಗೆ 15 ಕೆ.ಜಿ. ಮೆಷಿನ್‌ನಲ್ಲಿ ನಾಲ್ಕೇ ಕೆ.ಜಿ. ಹಾಕಿ ತಿರುಗಿಸಿದರೆ ಕೆ.ಜಿ.ಗೆ ಮೆಷಿನ್ ಖರ್ಚೇ 5 ರೂಪಾಯಿ. ಮನೆಯ ಮೆಷಿನ್‌ಗಿಂತ ದುಬಾರಿ.

ಇಲ್ಲಿ ನಮಗೆ ಕಣ್ಣು ತೆರೆಯಿತು. ಮನೆಯದ್ದೋ ವ್ಯಾಪಾರದ್ದೋ ಎಂದು ಕೇಳುವ ಮೊದಲು ಯಾರ ಬಟ್ಟೆ ಎಂದು ಕೇಳಬೇಕು. ಹೋಟೆಲ್, ಲಾಡ್ಜ್, ಮದುವೆ ಹಾಲಿನ ಬಟ್ಟೆ ಆದರೆ ಎಲ್ಲವೂ ಒಂದೇ ಯಜಮಾನನದ್ದು, ಒಂದೇ ಬಣ್ಣದ್ದು. ಅದಕ್ಕೆ ದೊಡ್ಡ ಮೆಷಿನ್ ಹೇಳಿ ಮಾಡಿಸಿದ್ದು. ಹಾಸ್ಟೆಲ್ ಮಕ್ಕಳದ್ದು, ಮನೆಗಳದ್ದು ಆದರೆ ಸಣ್ಣ ಸಣ್ಣ ನಾಲ್ಕು ಮೆಷಿನ್ ಇದ್ದರೆ ಒಳ್ಳೆಯದು. ಒಂದು ಕೆಟ್ಟರೂ ಅಂಗಡಿ ಮುಚ್ಚುವುದಿಲ್ಲ. ಇವೆರಡರ ನಡುವೆ 10 ಕೆ.ಜಿ. ಆಸುಪಾಸಿನ, ನೋಡಲು ಮನೆಯದ್ದರ ಹಾಗೇ ಇರುವ, ಆದರೆ ವ್ಯಾಪಾರಕ್ಕೆಂದೇ ಕಟ್ಟಿದ ಮೆಷಿನ್‌ಗಳೂ ಸಿಗುತ್ತವೆ. ಒಂದು ಸಲ ತಿರುಗಿ ಮುಗಿಯಲು ಸುಮಾರು ಅರ್ಧ-ಮುಕ್ಕಾಲು ಗಂಟೆ ಸಾಕು, ಮನೆಯದ್ದಕ್ಕೆ ಒಂದರಿಂದ ಎರಡು ಗಂಟೆ ಬೇಕು. ಬಂಡವಾಳ ಇದ್ದವರು ಶುರುವಿಗೇ ಅದನ್ನು ನೋಡಬಹುದು. ನಾವು ಗೊತ್ತಿದ್ದಿದ್ದರೆ ಹಾಗೇ ಮಾಡುತ್ತಿದ್ದೆವು.

ಬಿ.ಸಿ. ರೋಡ್ ಕಡೆಯ ನಮ್ಮ ಸಂಬಂಧಿಕರೊಬ್ಬರು ಉಲ್ಟಾ ಮಾಡಿದರು. ಹೆಸರು ಬೇಡ. ಚಿನ್ನ ಇಟ್ಟು ದೊಡ್ಡ ಜೋಡಿಯನ್ನೇ ತಂದರು. ಬರುತ್ತೇವೆ ಎಂದಿದ್ದ ಲಾಡ್ಜಿನವರು ಬರಲಿಲ್ಲ. ದಿನಕ್ಕೆ ಮೂರು ಸಲ ತಿರುಗಿದರೆ ಹೆಚ್ಚು. ಆ ಲೆಕ್ಕದಲ್ಲಿ 15,000 ಸಲ ಮುಗಿಯಲು ಸುಮಾರು 14 ವರ್ಷ ಬೇಕು. ಮೆಷಿನ್‌ಗೆ ಏನೂ ಆಗಿಲ್ಲ, ಹೊಸತರ ಹಾಗೆ ಹೊಳೆಯುತ್ತಿದೆ. ಚಿನ್ನ ಮಾತ್ರ ಇನ್ನೂ ಬಿಡಿಸಿಕೊಂಡಿಲ್ಲ.

ದೊಡ್ಡ ಮೆಷಿನ್‌ಗೆ ಜಾಗವೂ ಬೇಕು. ಅದರಲ್ಲಿ ಎರಡು ಜಾತಿ. ಒಂದನ್ನು ಕಾಂಕ್ರೀಟ್ ಪಾಯಕ್ಕೆ ಬೋಲ್ಟ್ ಹಾಕಿ ಕೂರಿಸಬೇಕು, ಇನ್ನೊಂದು ಸ್ಪ್ರಿಂಗ್ ಮೇಲೆ ತೂಗಾಡುತ್ತದೆ. ಬೋಲ್ಟಿನದ್ದು ಅಗ್ಗ. ಆದರೆ ಬಾಡಿಗೆ ಅಂಗಡಿಯಲ್ಲಿ, ಅದರಲ್ಲೂ ಮಾಳಿಗೆಯ ಮೇಲೆ, ಅದು ಆಗುವ ಮಾತಲ್ಲ. ಕರೆಂಟ್ ಸಾಮಾನ್ಯವಾಗಿ ತ್ರೀ ಫೇಸ್. ಮನೆಯ ಮೆಷಿನ್ ನೀರನ್ನು ಪಂಪ್ ಮಾಡಿ ಮೇಲಕ್ಕೆ ಚೆಲ್ಲುತ್ತದೆ. ದೊಡ್ಡದರಲ್ಲಿ ವಾಲ್ವ್ ತೆರೆದು ಎಲ್ಲ ನೀರು ಒಮ್ಮೆಲೇ ಕೆಳಗೆ ಸುರಿಯುತ್ತದೆ, ಅದಕ್ಕೆ ನೆಲದಲ್ಲಿ ಅಗಲದ ಚರಂಡಿ ಬೇಕು. ನಮ್ಮ ಕೋಣೆಯ ನೆಲ ರಸ್ತೆಗಿಂತ ತಗ್ಗು. ಜುಲೈಯಲ್ಲಿ ಒಳಗಿನ ನೀರು ಹೊರಗೆ ಹೋಗುವ ಬದಲು ಹೊರಗಿನದ್ದೇ ಒಳಗೆ ಬರುತ್ತದೆ.

ಒಣಗಿಸುವುದೇ ಕೆಲಸ

ತೊಳೆಯುವ ಮೆಷಿನ್ ಬಗ್ಗೆ ಇಷ್ಟೆಲ್ಲ ಹೇಳಿದೆವು. ಕರಾವಳಿಯಲ್ಲಿ ಲಾಂಡ್ರಿ ಮುಳುಗುವುದು, ಏಳುವುದು ಒಣಗಿಸುವುದರಲ್ಲಿ. ರಿಯಾದ್‌ನಲ್ಲಿ ಬಟ್ಟೆ ಕುರ್ಚಿಯ ಮೇಲೆ ಹಾಕಿಟ್ಟರೂ ಒಣಗುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಫ್ಯಾನಿನಡಿ ಎರಡು ದಿನ ಇಟ್ಟ ಜೀನ್ಸ್ ಪ್ಯಾಂಟಿನ ಕಿಸೆ ಒದ್ದೆ ಒದ್ದೆಯೇ. ಮೊದಲ ಮಳೆಗಾಲದಲ್ಲಿ ಮನೆಯ ಹಾಲ್, ಬೆಡ್‌ರೂಮ್, ಮೆಟ್ಟಿಲು ಎಲ್ಲ ಕಡೆ ಹಗ್ಗ. ಮುಗ್ಗಲು ವಾಸನೆಗೆ ಗಿರಾಕಿಗಳು ಬಟ್ಟೆ ವಾಪಸು ತಂದರು. ಆ ಜುಲೈಯಲ್ಲಿ ಅಂಗಡಿ ಮುಚ್ಚುವ ಮಾತು ಮನೆಯಲ್ಲಿ ಎರಡು ಸಲ ಬಂತು. ತಮ್ಮ ವೀಸಾಕ್ಕೆ ಯಾರನ್ನೋ ವಿಚಾರಿಸಿದ್ದು ನಮಗೆ ಆಮೇಲೆ ಗೊತ್ತಾಯಿತು.

ಮನೆಬಳಕೆಯ ಡ್ರೈಯರ್ ತಂದೆವು. ಒಂದು ಸಲಕ್ಕೆ ಎರಡು ಗಂಟೆ. ದಿನಕ್ಕೆ ಏಳು ಸಲ ತೊಳೆದರೆ 14 ಗಂಟೆ ಅದೊಂದೇ ಓಡಬೇಕು. ಹಾಗೆ ಓಡಿಸಿದರೆ ಅದಕ್ಕೂ ಬೇರಿಂಗಿನ ಗತಿಯೇ.

ಒಂದು ಲೀಟರ್ ನೀರನ್ನು ಬಟ್ಟೆಯಿಂದ ಆವಿ ಮಾಡಲು ಲೆಕ್ಕದ ಪ್ರಕಾರ ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಕಡಿಮೆ ಕರೆಂಟ್ ಸಾಕು. ಹಾಳಾಗುವ ಬಿಸಿ ಸೇರಿದರೆ ಒಂದು ಯೂನಿಟ್ ಹತ್ತಿರ ಎಂದು ಹಿಡಿಯಿರಿ. 5 ಕೆ.ಜಿ. ಬಟ್ಟೆಯಲ್ಲಿ ಸ್ಪಿನ್ ಆದ ಮೇಲೆ 5 ಲೀಟರ್ ನೀರು ಉಳಿದರೆ 5 ಯೂನಿಟ್, ಎರಡೂವರೆ ಲೀಟರ್ ಉಳಿದರೆ ಎರಡೂವರೆ. ಆದ್ದರಿಂದ ತೊಳೆಯುವ ಮೆಷಿನ್ ಆರಿಸುವಾಗ ಬಣ್ಣದ ಡಿಸ್‌ಪ್ಲೇ ನೋಡಬೇಡಿ, ಅದು ಎಷ್ಟು ಗಟ್ಟಿಯಾಗಿ ಹಿಂಡುತ್ತದೆ ನೋಡಿ. ಹಿಂಡುವ ಕರೆಂಟ್ ಅಗ್ಗ, ಬಿಸಿ ಮಾಡುವ ಕರೆಂಟ್ ದುಬಾರಿ.

ನಮ್ಮ ಎರಡನೇ ಬಂಡವಾಳ ಹೋದದ್ದು ವ್ಯಾಪಾರದ ಡ್ರೈಯರ್‌ಗೆ. ತೊಳೆಯುವುದು ಮನೆಯ ಮೆಷಿನ್‌ಗಳಲ್ಲೇ ಮುಂದುವರಿಯಲಿ, ಒಣಗಿಸುವುದು ಮಾತ್ರ ದೊಡ್ಡದರಲ್ಲಿ ಎಂದು ತೀರ್ಮಾನಿಸಿದೆವು. ತೊಳೆಯುವಾಗ ಬೇರೆ ಬೇರೆ ಇದ್ದ ಬಟ್ಟೆಗಳನ್ನು ಒಣಗಿಸುವಾಗ ಜಾಳಿಗೆ ಚೀಲದಲ್ಲಿ ಒಟ್ಟಿಗೆ ಹಾಕಿದರೆ ಯಾರಿಗೂ ತಕರಾರಿಲ್ಲ. ಮುಚ್ಚಿಹೋದ ಹೋಟೆಲೊಂದರ ಸೆಕೆಂಡ್‌ಹ್ಯಾಂಡ್ ಡ್ರೈಯರ್ ಸಿಕ್ಕಿತು, ಗ್ಯಾಸಿನದ್ದು. ಚಿನ್ನ ಮುಟ್ಟಬೇಕಾಗಲಿಲ್ಲ. ಗ್ಯಾಸ್ ಎಂದರೆ ಅಂಗಡಿಯ 19 ಕೆ.ಜಿ. ಸಿಲಿಂಡರ್. ಅಡುಗೆಮನೆಯ 14.2 ಕೆ.ಜಿ.ಯದ್ದನ್ನು ವ್ಯಾಪಾರಕ್ಕೆ ಹಾಕುವುದು ಅಪರಾಧ, ಆ ಆಸೆಗೂ ಬೀಳಬೇಡಿ. ಬಿಸಿಗಾಳಿ ಹೊರಹೋಗುವ ಪೈಪನ್ನು ಗೋಡೆ ಕೊರೆದು ಹೊರಗೇ ಬಿಡಬೇಕು. ನಾರಿನ ಜಾಲರಿಯನ್ನು ಒಂದೊಂದು ಸಲ ಆದಾಗಲೂ ತೆಗೆದು ಶುಚಿ ಮಾಡಲೇಬೇಕು. ಡ್ರೈಯರ್‌ಗೆ ಬೆಂಕಿ ಹಿಡಿಯುವುದು ಹೆಚ್ಚಾಗಿ ಆ ಹತ್ತಿಯಂಥ ನಾರಿನಿಂದಲೇ. ನಮ್ಮಲ್ಲಿ ಈ ಕೆಲಸ ಅಳಿಯನದ್ದು, ಮರೆತರೆ ಅವನಿಗೆ ಆ ದಿನದ ಚಾ ಇಲ್ಲ.

ಸೆಕೆಂಡ್‌ಹ್ಯಾಂಡ್ ನೋಡುವವರಿಗೆ ಒಂದು ಮಾತು. ಡ್ರಮ್ಮನ್ನು ಕೈಯಿಂದ ತಿರುಗಿಸಿ ಕಿವಿ ಕೊಡಿ, ಗರಗರ ಇರಬಾರದು. ಡ್ರಮ್ಮನ್ನು ಮೇಲೆ ಕೆಳಗೆ ಎತ್ತಿ ನೋಡಿ, ಅಲುಗಾಟ ಇರಬಾರದು. ಬಾಗಿಲಿನ ರಬ್ಬರ್ ಮಡಿಸಿ ಒಳಗೆ ನೋಡಿ. ಎಲ್ಲಕ್ಕಿಂತ ಮೊದಲು ಅದರ ಬೋರ್ಡ್, ಬೆಲ್ಟ್ ಮಂಗಳೂರಿನಲ್ಲಿ ಸಿಗುತ್ತದಾ, ರಿಪೇರಿಯವರು ಎಷ್ಟು ದಿನದಲ್ಲಿ ಬರುತ್ತಾರೆ ಎಂದು ಕೇಳಿ. ವಿದೇಶದ ಹೆಸರಾಂತ ಮೆಷಿನ್ ಅರ್ಧ ಬೆಲೆಗೆ ಸಿಕ್ಕಿದರೂ ಒಂದು ಬೋರ್ಡ್‌ಗೆ ತಿಂಗಳು ಕಾದರೆ ಗಿರಾಕಿ ಕಾಯುವುದಿಲ್ಲ.

ನೀರಿನ ಬಗ್ಗೆಯೂ ಹೇಳದಿದ್ದರೆ ಆಗದು. ನಮ್ಮ ಕಡೆಯ ಕೆಲವು ಬೋರ್‌ವೆಲ್‌ಗಳಲ್ಲಿ ಕಬ್ಬಿಣದ ಅಂಶ ಹೆಚ್ಚು. ಬಿಳಿ ಕೋಟು, ಬಿಳಿ ತೋಬಿಗೆ ಕಂದು ಕಲೆ ಕೂತರೆ ಬ್ಲೀಚ್ ಹಾಕಿದಷ್ಟೂ ಅದು ಗಟ್ಟಿಯಾಗುತ್ತದೆ. ಪೆರ್ನಾಲ್ ಹತ್ತಿರ ಬಂದಾಗ ಎಲ್ಲರದ್ದೂ ಬಿಳಿ ಬಟ್ಟೆಯೇ, ಆಗ ಪ್ರಯೋಗ ಮಾಡುವಂತಿಲ್ಲ. ಮೆಷಿನ್ ತರುವ ಮೊದಲು ಒಂದು ಬಕೆಟ್ ನೀರು ಹಿಡಿದು ರಾತ್ರಿಯಿಡೀ ಇಟ್ಟು ಬೆಳಗ್ಗೆ ತಳ ನೋಡಿ. ಕೆಂಪು ಕೂತಿದ್ದರೆ ಕಬ್ಬಿಣ ತೆಗೆಯುವ ಫಿಲ್ಟರ್ ಹಾಕಿ. ಮೇಲೆ ಟ್ಯಾಂಕೂ ದೊಡ್ಡದಿರಲಿ. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಟ್ಯಾಂಕರ್ ನೀರು ತಂದು ಬಟ್ಟೆ ತೊಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಸಾಲ ಬೇಕಾದವರಿಗೆ ಪಿ.ಎಂ.ಇ.ಜಿ.ಪಿ. ಎಂಬ ಕೇಂದ್ರದ ಯೋಜನೆ ಉಂಟು. ಅಲ್ಪಸಂಖ್ಯಾತರು ಅದರ ವಿಶೇಷ ವರ್ಗದಲ್ಲಿ ಬರುತ್ತಾರೆ. ಹಳ್ಳಿಯಲ್ಲಾದರೆ ಯೋಜನಾ ವೆಚ್ಚದ ಶೇ. 35, ಪೇಟೆಯಲ್ಲಾದರೆ ಶೇ. 25 ಸಬ್ಸಿಡಿ. ಉಳಿದದ್ದು ಬ್ಯಾಂಕಿನ ಬಡ್ಡಿಯ ಸಾಲವೇ. ಅದಕ್ಕೆ ನಮ್ಮ ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಬಡ್ಡಿ ಬೇಡ ಎನ್ನುವವರಿಗೆ ಬಂಡವಾಳ ಸಣ್ಣದು, ಆದ್ದರಿಂದ ಮೆಷಿನ್ ಕೂಡ ಸಣ್ಣದರಿಂದಲೇ ಶುರುವಾಗಬೇಕು. ಅದರಲ್ಲಿ ತಪ್ಪೇನೂ ಇಲ್ಲ, ಅದು ಎಷ್ಟು ದಿನ ಬಾಳುತ್ತದೆ ಎಂದು ಮೊದಲೇ ತಿಳಿದಿರಬೇಕು ಅಷ್ಟೇ. ನಾವೀಗ ಸಿಗುವ ಪ್ರತಿ ಕೆ.ಜಿ.ಗೆ ಮೂರು ರೂಪಾಯಿ ಬೇರೆ ಡಬ್ಬಿಗೆ ಹಾಕುತ್ತೇವೆ. ಮೆಷಿನ್ ಸತ್ತ ದಿನ ಆ ಡಬ್ಬಿ ಒಡೆದು ಇನ್ನೊಂದು ತರುವುದು. ಬೇರಿಂಗ್ ಹೋದ ಮೆಷಿನ್‌ನ ಜಾಗಕ್ಕೆ ಹೊಸದು ಬಂದದ್ದು ಹಾಗೆಯೇ.

ಕಳೆದ ತಿಂಗಳು ನರ್ಸಿಂಗ್ ಹೋಮ್ ಒಂದರವರು ಬೆಡ್‌ಶೀಟ್ ತೊಳೆದು ಕೊಡುತ್ತೀರಾ ಎಂದು ಕೇಳಿದರು. ತಿಂಗಳಿಗೆ ಖಾಯಂ ಹಣ. ತಮ್ಮ ಹೂಂ ಎನ್ನುವವನಿದ್ದ. ಆಸ್ಪತ್ರೆ ಬಟ್ಟೆಗೆ ಬಿಸಿನೀರಿನ ನಿಯಮ ಇದೆ. ಅಮೆರಿಕದ ಸಿ.ಡಿ.ಸಿ. ಹೇಳುವುದು 71 ಡಿಗ್ರಿ ನೀರಿನಲ್ಲಿ 25 ನಿಮಿಷ. ಮನೆಯ ಮೆಷಿನ್‌ನಲ್ಲಿ ಆ ಬಿಸಿ ಅಷ್ಟು ಹೊತ್ತು ನಿಲ್ಲುತ್ತದೆ ಎಂದು ಹೇಳುವ ಧೈರ್ಯ ನಮಗಿಲ್ಲ. ಮಕ್ಕಳ ಬಟ್ಟೆ ತಿರುಗುವ ಡ್ರಮ್ಮಿಗೆ ಅದನ್ನು ಹಾಕಲು ಮನಸ್ಸೂ ಬರಲಿಲ್ಲ. ಸದ್ಯಕ್ಕೆ ಆಗುವುದಿಲ್ಲ ಎಂದೆವು. ಅವರು ಒಂದು ವರ್ಷದ ಕರಾರು ಬರೆದು ಕೊಡುತ್ತೇವೆ ಎನ್ನುತ್ತಿದ್ದಾರೆ. ಹಾಗೆ ಬರೆದು ಕೊಟ್ಟರೆ, ಅದಕ್ಕೆ ಬೇಕಾದ ಮೆಷಿನ್ ಬೇರೆ, ಕೋಣೆಯೂ ಬೇರೆ. ರಸ್ತೆಗಿಂತ ಎತ್ತರದ ಕೋಣೆಯೊಂದು ಖಾಲಿ ಉಂಟಂತೆ. ಆದಿತ್ಯವಾರ ತಮ್ಮನೂ ಅವನ ಹೆಂಡತಿಯೂ ಟೇಪು ಹಿಡಿದು ಅಳೆಯಲು ಹೋಗುತ್ತಿದ್ದಾರೆ.